ಹಿನ್ನೆಲೆಯ ಕೆಂಪು

ಭಾನುವಾರ ಐದೂಕಾಲಿಗೆ, ಬಸ್ ಸ್ಟ್ಯಾಂಡಿನ ಎದುರು
ಮೊದಲ ಹಾಲು ಉಕ್ಕುವ ಮುಂಚೆಯೇ ನಾವು ನಾಲ್ವರು:
ಮೆಗ್ಗಾನಿನ ರಾತ್ರಿಪಾಳಿ ಮುಗಿಸಿ ನೇರ ಬಂದ ಗ್ರೇಸಿ ಡಿಕುನ್ಹಾ,
ಗಾಂಧಿ ಬಜಾರಿನ ವಾಚ್ ರಿಪೇರಿ ನೂರುಲ್ಲಾ,
ಕೆಂಪು ಮಂಕಿಟೋಪಿಯ ಡಿಪೋ ಮೆಕ್ಯಾನಿಕ್ ಹಾಲಸ್ವಾಮಿ,
ಮತ್ತು ನಾನು, ತಾಲ್ಲೂಕು ಕಚೇರಿಯ ಗುಮಾಸ್ತ,
ಇನ್ನೂ ಹದಿನೆಂಟು ಕಂತು ಬಾಕಿಯಿರುವ ಒಂದು ಲೆನ್ಸಿನ ಒಡೆಯ.

ಮಂಡಗದ್ದೆಯವರೆಗೂ ಅದೇ ಜಗಳ.
ಜೂಮೋ ಪ್ರೈಮೋ, ಟ್ರೈಪಾಡೋ ಮೊಣಕಾಲೋ,
ಸದ್ದಿಲ್ಲದ ಹೊಸ ಕ್ಯಾಮೆರಾದಲ್ಲಿ
ತೆಗೆದದ್ದು ತೆಗೆದ ಹಾಗೆ ಅನಿಸುತ್ತದೋ ಇಲ್ಲವೋ.
ಗಾಜನೂರು ದಾಟುವಾಗ ಹಾಲಸ್ವಾಮಿ ಬಾಯಿ ಬಿಡುತ್ತಾನೆ:
"ಎರಡು ಲಕ್ಷದ ಲೆನ್ಸಿಗೆ ಬೆಳ್ಳಕ್ಕಿ ಇನ್ನಷ್ಟು ಬೆಳ್ಳಗಾಗತ್ತೇನ್ರೀ?"

ಅವನದು ಯಾರೋ ಕೊಟ್ಟುಬಿಟ್ಟ ಹಳೆಯ ಐವತ್ತು ಎಂಎಂ.
ನೂರುಲ್ಲಾ ಕಣ್ಣಿಗೆ ವಾಚಿನ ದುರ್ಬೀನು ಸಿಕ್ಕಿಸಿ
ಬೆಳಕಿಗೆ ಹಿಡಿದು ನೋಡಿದ್ದಾನೆ:
ಒಳಗಾಜಿನ ಮೇಲೆ ಬೂಷ್ಟು, ಜೇಡ ನೇಯ್ದ ಹಾಗೆ.
"ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ ಸಾಬ್ರೇ."
"ಅಕ್ಕಿ ಅನ್ನಕ್ಕೆ ಇಡ್ರೀ! ಕೊಡಿ, ಬಿಚ್ಚಿ ಒರೆಸಿ ಕೊಡ್ತೀನಿ."
"ಮುಂದಿನ ವಾರ."
ಎರಡು ವರ್ಷದಿಂದ ಅದೇ ಮುಂದಿನ ವಾರ.

ಅವನ ಚೌಕಟ್ಟಿನಲ್ಲಿ ಹಕ್ಕಿ ಎಳ್ಳುಕಾಳು.
ನಾವು ನಗುತ್ತಿದ್ದೆವು.
ಅವನೂ.

ಮೇ ಕೊನೆಗೆ ಅವನ ನಿವೃತ್ತಿ.
ಡಿಪೋದಿಂದ ಫೋನು: ಫ್ಲೆಕ್ಸಿಗೆ ಒಂದು ಒಳ್ಳೇ ಫೋಟೋ ಕೊಡಿ,
ನಿಮ್ಮ ಹತ್ರ ಇಲ್ಲದೆ ಇನ್ಯಾರ ಹತ್ರ?

ಗ್ರೇಸಿಯ ಹಾರ್ಡ್‌ಡಿಸ್ಕಿನಲ್ಲಿ ನಲವತ್ತೊಂದು ಸಾವಿರ.
ಒಂದೇ ಹಾವಕ್ಕಿಯ ಒಂದೇ ಕತ್ತು ಇನ್ನೂರ ಹನ್ನೆರಡು ಸಲ.
ನೀರುಕಾಗೆ ರೆಕ್ಕೆ ಒಣಗಿಸುತ್ತ, ಒಣಗಿಸುತ್ತ, ಒಣಗಿಸುತ್ತ.
ನೂರುಲ್ಲಾನ ಕಾರ್ಡುಗಳಲ್ಲಿ ಇಬ್ಬನಿ.
ಆರು ವರ್ಷದ ಭಾನುವಾರಗಳನ್ನು
ರಾತ್ರಿ ಎರಡರವರೆಗೆ ತಿರುವಿ ಹಾಕಿದೆವು;
ಫ್ಲಾಸ್ಕ್ ಹೊತ್ತವನು, ಪಂಕ್ಚರ್ ಹಾಕಿದವನು,
ಕೆಸರಲ್ಲಿ ನನ್ನ ಚಪ್ಪಲಿ ಹುಡುಕಿಕೊಟ್ಟವನು
ಒಂದರಲ್ಲೂ ಇಲ್ಲ.

ಕೊನೆಗೆ ನನ್ನ ಮಿಂಚುಳ್ಳಿ.
ಎರಡನೇ ಬಹುಮಾನ ಬಂದು
ಗೋಡೆಗೇರಿದ್ದು. ಕೊಕ್ಕಿನ ತುದಿಯ ಹನಿಯೂ ಚೂಪು.
ತೀರ್ಪುಗಾರರು ಕೇಳಿದ್ದರು:
ಹಿಂದೆ ಆ ಕೆಂಪು, ಅಷ್ಟು ಮೆತ್ತಗೆ ಕರಗಿದೆಯಲ್ಲ, ಮುತ್ತುಗದ ಹೂವೇ?
ಫೆಬ್ರವರಿ ತಾನೇ, ಹೌದು ಸಾರ್ ಅಂದಿದ್ದೆ.

ಗ್ರೇಸಿ ಪರದೆಗೆ ಬೆರಳಿಟ್ಟಳು.
"ಹೂವಲ್ಲ ಮಾರಾಯ. ಟೋಪಿ."

ಹಿಗ್ಗಿಸಿದೆವು. ಇನ್ನೂ ಹಿಗ್ಗಿಸಿದೆವು.
ಕಣ್ಣಿಲ್ಲ, ಮೂಗಿಲ್ಲ, ದುಂಡನೆಯ ಒಂದು ಕೆಂಪು,
ಪಕ್ಕದಲ್ಲಿ ಬೆಳ್ಳಿಯ ಚುಕ್ಕೆ, ಫ್ಲಾಸ್ಕ್ ಇರಬೇಕು.
ಅಪರ್ಚರ್ ಎರಡು ಪಾಯಿಂಟ್ ಎಂಟು.
ಅದಕ್ಕೇ ಅಲ್ಲವೇ ಅಷ್ಟು ದುಡ್ಡು ಕೊಟ್ಟದ್ದು,
ಬೇಕಾದ್ದೊಂದು ಬಿಟ್ಟು ಉಳಿದದ್ದೆಲ್ಲ ಮಾಯವಾಗಲಿ ಅಂತ.

ಮರುದಿನ ಡಿಪೋ ಕ್ಯಾಂಟೀನಿನ ಕಿಟಕಿ ಬಳಿ ಕೂರಿಸಿ
ಮೂರು ಕಡೆಯಿಂದ ಮೂರು ಲೆನ್ಸ್ ಹಿಡಿದರೆ
ಲೈಸೆನ್ಸಿನ ಫೋಟೋಗೆ ಕೂತವನ ಹಾಗೆ ಸೆಟೆದುಹೋದ.
ಮಿಂಚುಳ್ಳಿಯ ಕತೆ ಹೇಳಿದೆ. ತಪ್ಪಾಯ್ತು ಅನ್ನಬೇಕೆಂದಿದ್ದೆ.
ಅವನು ಪಟವನ್ನು ತೋಳಿನುದ್ದಕ್ಕೆ ಹಿಡಿದು ನೋಡಿ,
"ಇದ್ರಲ್ಲೇ ಚೆನ್ನಾಗಿ ಬಂದಿದೀನಲ್ಲ, ಇದನ್ನೇ ಹಾಕ್ಸಿ."

ಹಾಕಲಿಲ್ಲ, ಮ್ಯಾನೇಜರು ಒಪ್ಪಲಿಲ್ಲ.
ಐಡಿ ಕಾರ್ಡಿನ ಮುಖವನ್ನೇ ಎಳೆದೆಳೆದು ಆಳೆತ್ತರ ಮಾಡಿದರು.

ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿದ ಮೇಲೆ
ಟೈರುಗಳ ಪಕ್ಕ ನಮ್ಮ ಮೂವರಿಗೂ ಒಂದೊಂದು ಲಕೋಟೆ ಕೊಟ್ಟ.
ನನ್ನದರಲ್ಲಿ ತುಂಗೆಯ ದಡ,
ಒಂದು ಕಣ್ಣು ಮುಚ್ಚಿ, ಬಾಯಿ ತುಸು ತೆರೆದು,
ಮಗ್ಗಿ ಮರೆತ ಹುಡುಗನ ಹಾಗೆ ನಾನು;
ನನ್ನ ಬೆನ್ನಿಗೆ ಗ್ರೇಸಿ ನಿಂತಲ್ಲೇ ತೂಕಡಿಸುತ್ತ.
ದೂರ, ಕೊಂಬೆಯ ಮೇಲೆ ಎಳ್ಳುಕಾಳು.
ಎಲ್ಲದರ ಮೇಲೂ ಬೂಷ್ಟಿನ ಆ ಮಬ್ಬು ಬೆಳಕು.

ನೂರುಲ್ಲಾ ತನ್ನ ಪಟ ತಿರುಗಿಸಿ ನೋಡಿದ,
ಹಿಂದೆ ಏನೂ ಬರೆದಿರಲಿಲ್ಲ.
"ಅಪರ್ಚರ್ ಎಷ್ಟಿಟ್ಟಿದ್ರಿ?"

"ಯಾರಿಗೆ ಗೊತ್ತು ಸಾಬ್ರೇ.
ಆಗಷ್ಟೇ ಬೆಳಗಾಗ್ತಿತ್ತು."